“ಓಡಿಸೋಕೆ ಬರ್ತಿರಲಿಲ್ಲ, ಅಷ್ಟೇ ಕಣ್ರೀ!”

ನಿಜ ಹೇಳಿ. ಕೋಟಿಗಟ್ಟಲೆ ಬೆಲೆಯ ಸ್ಪೋರ್ಟ್ಸ್ ಕಾರೊಂದು ಕಂಬಕ್ಕೆ ಗುದ್ದಿ ನುಜ್ಜುಗುಜ್ಜಾದ ವಿಡಿಯೋ ಮೊಬೈಲಿಗೆ ಬಂದ್ರೆ ನೀವು ಎಷ್ಟು ಸಲ ನೋಡ್ತೀರಿ? ಒಂದೇ ಸಲ ಅಂತ ಮಾತ್ರ ಹೇಳಬೇಡಿ, ಇಲ್ಲಿ ನಂಬೋರು ಯಾರೂ ಇಲ್ಲ. ಮೊದಲನೇ ಸಲ “ಅಯ್ಯೋ ಪಾಪ” ಅನ್ನೋಕೆ. ಎರಡನೇ ಸಲ ಎರಡು ಬೆರಳಲ್ಲಿ ಹಿಗ್ಗಿಸಿ ಯಾವ ಮಾಡೆಲ್ಲು ಅಂತ ನೋಡೋಕೆ. ಮೂರನೇ ಸಲ ತೀರ್ಪು ಕೊಡೋಕೆ.

ಆ ತೀರ್ಪಿಗೆ ಎಷ್ಟು ಹೊತ್ತು ಬೇಕು? ಅರ್ಧ ಲೋಟ ಕಾಫಿ ಇಳಿಯೋಷ್ಟು. ಆಂಬ್ಯುಲೆನ್ಸ್ ಇನ್ನೂ ಸಿಗ್ನಲ್ಲಲ್ಲಿ ಸಿಕ್ಕಾಕೊಂಡಿರುತ್ತೆ, ನಿಮ್ಮ ತನಿಖಾ ವರದಿ ರೆಡಿ. “ದುಡ್ಡಿದೆ, ಕಾರಿದೆ, ಓಡಿಸೋಕೆ ಬರ್ತಿರಲಿಲ್ಲ. ಅಷ್ಟೇ ಕಣ್ರೀ!” (ಆ ‘ಅಷ್ಟೇ’ ಹೇಳುವಾಗ ನಿಮ್ಮ ಮುಖದಲ್ಲಿ ಎಂಥಾ ಸಮಾಧಾನ ಗೊತ್ತಾ?)

ಭಾನುವಾರ ಬೆಳಿಗ್ಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲ್ ಮುಂದೆ ನಿಂತು ನೋಡಿ. (ನೋಡೋದೇನು, ನೀವೇ ನಿಂತಿರ್ತೀರಿ.) ಐದಾರು ಕಾರು, ಅದಕ್ಕೆರಡರಷ್ಟು ಜನ. ಒಬ್ಬರು “ಅಂಡರ್‌ಸ್ಟಿಯರ್ ಆಗಿದೆ” ಅಂತಾರೆ. ಇನ್ನೊಬ್ಬರು “ಅಲ್ಲ ಗುರೂ, ಹಿಂದಿನ ಚಕ್ರ ಜಾರಿದೆ, ಪಕ್ಕಾ ಓವರ್‌ಸ್ಟಿಯರ್” ಅಂತಾರೆ. ಮೂರನೆಯವರು ಇಡ್ಲಿ ಮೇಲಿನ ಬೆಣ್ಣೆ ಕರಗೋ ತನಕ ಕಾದು “ದುಡ್ಡಿನ ಮದ” ಅಂತ ಮುಗಿಸಿಬಿಡ್ತಾರೆ.

ಮತ್ತೊಬ್ಬರು ಇರ್ತಾರಲ್ಲ, ಕೈಕಟ್ಟಿ ತಮ್ಮ ಕಾರಿಗೆ ಒರಗಿ ನಿಂತು, ಎಲ್ಲರದ್ದೂ ಕೇಳಿಸ್ಕೊಂಡು, ಕೊನೆಗೆ “ನಾನಾಗಿದ್ರೆ ಆ ಟರ್ನಿಂಗಲ್ಲಿ ಬ್ರೇಕ್ ಮುಟ್ತಾನೇ ಇರಲಿಲ್ಲ” ಅನ್ನೋರು. ನೀವೇ ಅಲ್ವಾ ಅದು? ಸರಿ ಬಿಡಿ, ಹೆಸರು ಹೇಳಲ್ಲ.

ಇಂಥ ಪಂಚಾಯ್ತಿಗಳಲ್ಲಿ ಜಗತ್ತಿನ ಕಾರು ಹುಚ್ಚರೆಲ್ಲ ಸೇರಿ ವರ್ಷಗಟ್ಟಲೆ ನಡೆಸಿದ್ದು ಒಂದಿದೆ. 2013ರ ನವೆಂಬರ್ 30, ಶನಿವಾರ ಮಧ್ಯಾಹ್ನ. ಲಾಸ್ ಏಂಜಲೀಸ್‌ನ ಉತ್ತರಕ್ಕಿರೋ ಸಾಂಟಾ ಕ್ಲಾರಿಟಾ ಊರು. ‘ಫಾಸ್ಟ್ ಅಂಡ್ ಫ್ಯೂರಿಯಸ್’ ಸಿನಿಮಾಗಳ ಪಾಲ್ ವಾಕರ್ ಇದ್ದ ಪೋರ್ಷೆ ಕರೇರಾ ಜಿಟಿ ಕಂಬಕ್ಕೆ, ಮರಕ್ಕೆ ಬಡಿದು ಹೊತ್ತಿ ಉರೀತು. ವಾಕರ್‌ಗೆ ಆಗ 40 ವರ್ಷ. ಅವರೂ ಹೋದರು, ಜೊತೆಗಿದ್ದ ಗೆಳೆಯನೂ ಹೋದರು.

ಅವತ್ತು ಮನೆಯಿಂದ ಹೊರಟಿದ್ದು ಯಾವುದಕ್ಕೆ? ಫಿಲಿಪ್ಪೀನ್ಸ್‌ನ ಹೈಯಾನ್ ಚಂಡಮಾರುತದಲ್ಲಿ ಮನೆಮಠ ಕಳಕೊಂಡೋರಿಗೆ ಸಹಾಯ ಮಾಡೋಕೆ ಅಂತ ವಾಕರ್ ತಾವೇ ಕಟ್ಟಿದ್ದ ಸಂಸ್ಥೆಯ ಕಾರ್ಯಕ್ರಮಕ್ಕೆ. ಅದರ ನಡುವೆ “ಒಂದು ರೌಂಡ್ ಹೋಗ್ಬರೋಣ” ಅಂತ ಹೊರಟದ್ದು. (ಒಂದು ರೌಂಡ್! ಈ ಮಾತು ನಿಮ್ಮ ಬಾಯಲ್ಲೂ ಬರುತ್ತಲ್ವಾ, ಹೊಸ ಕಾರು ಕಂಡಾಗೆಲ್ಲ?) ಸ್ಟಿಯರಿಂಗ್ ಹಿಡಿದಿದ್ದದ್ದು ವಾಕರ್ ಅಲ್ಲ, ಗೆಳೆಯ. ಪರದೆ ಮೇಲೆ ಅಷ್ಟೆಲ್ಲ ರೇಸ್ ಓಡಿಸಿದ ಮನುಷ್ಯ ಅವತ್ತು ಪಕ್ಕದ ಸೀಟಿನಲ್ಲಿದ್ದರು.

ಕಾರಿನ ವಿವರ ನಿಮಗೆ ನಾನು ಹೇಳಬೇಕಾ? ಬಾಯಿಪಾಠ ಇರುತ್ತೆ. 5.7 ಲೀಟರ್, ವಿ10 ಎಂಜಿನ್ನು, ಆರುನೂರಕ್ಕೂ ಮೇಲೆ ಹಾರ್ಸ್‌ಪವರ್, ಗಂಟೆಗೆ 330 ಕಿಲೋಮೀಟರ್ ಓಟ. ಲೆ ಮಾನ್ಸ್ ರೇಸಿಗೆ ಅಂತ ಶುರುವಾದ ಯೋಜನೆ ನಿಂತುಹೋದ ಮೇಲೆ ಆ ಎಂಜಿನ್ನನ್ನ ರಸ್ತೆಗೆ ತಂದ್ರು. ತಯಾರಾದದ್ದು 1,300ಕ್ಕಿಂತ ಕಡಿಮೆ. ಗೇರಿನ ಗುಂಡು ಮಾತ್ರ ಮರದ್ದು. (ಇದನ್ನ ಹೇಳುವಾಗ ನೀವು ಕಣ್ಣು ಮುಚ್ಚಿಕೊಳ್ತೀರಿ, ನೋಡಿದೀನಿ.)

ಒಂದು ಮಾತ್ರ ಅದರಲ್ಲಿ ಇರಲಿಲ್ಲ, ಸ್ಟೆಬಿಲಿಟಿ ಕಂಟ್ರೋಲ್. ಕಾರು ಅಡ್ಡ ತಿರುಗೋಕೆ ಹೊರಟಾಗ ಬೇಕಾದ ಚಕ್ರಕ್ಕೆ ಬೇಕಾದಷ್ಟೇ ಬ್ರೇಕ್ ಹಾಕಿ ತಾನೇ ನೇರ ಮಾಡುತ್ತಲ್ಲ, ಅದು. “ಅದಿಲ್ಲದೇ ಇರೋದೇ ಅದರ ಮಜಾ” ಅಂದ್ರಾ? ಅಂದೇ ಅಂತೀರಿ. ನಿಮ್ಮ ಕಾರಿನಲ್ಲಿ ಅದು ಇದೆಯೋ ಇಲ್ಲವೋ ಹೇಳಿ ನೋಡೋಣ. ಯೋಚನೆ ಮಾಡ್ತಾ ಇರಿ, ಅಷ್ಟರಲ್ಲಿ ನಾನು ಮುಂದಕ್ಕೆ ಹೋಗ್ತೀನಿ.

ಅಪಘಾತ ಆಗಿದ್ದೇ ತಡ, ಥಿಯರಿಗಳು ಹುಟ್ಟಿದವು. ಇನ್ಯಾವುದೋ ಕಾರಿನ ಜೊತೆ ರೇಸಿಗೆ ಬಿದ್ದಿದ್ದರು ಅಂತ ಕೆಲವರು. ಸ್ಟಿಯರಿಂಗೇ ಕೈಕೊಟ್ಟಿತು ಅಂತ ಕೆಲವರು. ಕಾರೇ ಶಾಪದ್ದು, ಯಾರ ಮಾತೂ ಕೇಳಲ್ಲ ಅಂತ ಇನ್ನೂ ಕೆಲವರು. ಕಂಪನಿ ಮೇಲೆ ಕೇಸೂ ಬಿತ್ತು. ಗೆಳೆಯನ ಪತ್ನಿ ಹಾಕಿದ್ದರಲ್ಲಿ 2016ರಲ್ಲಿ ಜಡ್ಜು ಕಂಪನಿ ಪರ ನಿಂತರು, ವಾಕರ್ ಮಗಳು ಹಾಕಿದ್ದು 2017ರಲ್ಲಿ ರಾಜಿಯಲ್ಲಿ ಮುಗೀತು.

ಇವುಗಳ ಮಧ್ಯೆ, 2014ರ ಮಾರ್ಚ್‌ನಲ್ಲಿ, ತನಿಖೆಯವರು ತಮ್ಮ ವರದಿ ಕೊಟ್ಟರು. ಲಾಸ್ ಏಂಜಲೀಸ್ ಕೌಂಟಿಯ ಶೆರಿಫ್ ಇಲಾಖೆ, ಕ್ಯಾಲಿಫೋರ್ನಿಯಾ ಹೈವೇ ಪೆಟ್ರೋಲ್ ಎರಡೂ ಸೇರಿ ತಿಂಗಳುಗಟ್ಟಲೆ ಸುಟ್ಟ ಲೋಹ ಕೆದಕಿದ್ದು. ಯಂತ್ರದಲ್ಲಿ ದೋಷ ಇಲ್ಲ. ಇನ್ನೊಂದು ಕಾರು ಇರಲಿಲ್ಲ. ಕುಡಿದಿರಲಿಲ್ಲ, ಡ್ರಗ್ಸ್ ಇಲ್ಲ. ಬೆಲ್ಟ್ ಹಾಕಿದ್ದರು, ಏರ್‌ಬ್ಯಾಗ್ ತೆರೆದಿತ್ತು.

ಉಳಿದದ್ದು ಎರಡೇ. ಆ ರಸ್ತೆಯ ಮಿತಿ ಗಂಟೆಗೆ 45 ಮೈಲಿ, ಅಂದ್ರೆ ನಮ್ಮ 72 ಕಿಲೋಮೀಟರ್. ಕಾರು ಹೋಗ್ತಿದ್ದದ್ದು 80ರಿಂದ 93 ಮೈಲಿ, ಅಂದ್ರೆ 129ರಿಂದ 150 ಕಿಲೋಮೀಟರ್. ಇನ್ನೊಂದು, ಟೈರುಗಳಿಗೆ ಒಂಬತ್ತು ವರ್ಷ ವಯಸ್ಸಾಗಿತ್ತು.

ಈಗ ಬನ್ನಿ, ನಿಮ್ಮ ಹಳೇ ತೀರ್ಪು ತೆಗೀರಿ. “ಓಡಿಸೋಕೆ ಬರ್ತಿರಲಿಲ್ಲ.” ಇಲ್ಲಿ ಅಂಟುತ್ತಾ? ಓಡಿಸ್ತಿದ್ದವರು ರೇಸ್ ಟ್ರ್ಯಾಕಿನಲ್ಲಿ ಸ್ಪರ್ಧೆಗೆ ಇಳಿದವರು. ಇಂಥ ಕಾರುಗಳ ನಡುವೆಯೇ ಬದುಕಿದವರು. ಹಾಡಹಗಲು, ಮೈಮೇಲೆ ಎಚ್ಚರ, ಎದೆಗೆ ಬೆಲ್ಟು. ನೀವು ದೂರೋಕೆ ಅಂತ ಹುಡುಕೋ ಒಂದೊಂದನ್ನೂ ವರದಿ ಆಚೆ ಇಟ್ಟುಬಿಡ್ತು. (ಎಷ್ಟು ಬೇಜಾರಾಯ್ತು ಹೇಳಿ?)

ನಿಮಗೆ ಆ ತೀರ್ಪು ಯಾಕೆ ಅಷ್ಟು ಪ್ರೀತಿ ಅಂತ ನಾನು ಹೇಳ್ಲಾ? ಅವನಿಗೆ ಬರಲ್ಲ, ನಿಮಗೆ ಬರುತ್ತೆ. ಹಾಗಾಗಿ ಅವನಿಗೆ ಆಯ್ತು, ನಿಮಗೆ ಆಗಲ್ಲ. ಪ್ರೀಮಿಯಂ ಕಟ್ಟದೇ ಸಿಕ್ಕ ಇನ್ಶೂರೆನ್ಸು ಇದ್ದಂಗೆ! ಪ್ರತಿ ಅಪಘಾತದ ವಿಡಿಯೋ ನೋಡಿದಾಗಲೂ ಅದನ್ನ ರಿನ್ಯೂ ಮಾಡಿಸ್ಕೊಂಡು ಬರ್ತೀರಿ.

“ಆದ್ರೂ 150 ಅಂದ್ರೆ ಏನ್ಮಹಾ, ಕರೇರಾ ಜಿಟಿಗೆ ಅದು ಯಾವ ಮೂಲೆಗೆ” ಅಂತ ಒಳಗೊಳಗೇ ಅಂದ್ಕೊಂಡ್ರಿ ತಾನೇ? ಕೇಳಿಸ್ತು. 330 ಓಡೋ ಕಾರಿಗೆ 150 ಅರ್ಧದಷ್ಟೂ ಅಲ್ಲ, ಒಪ್ಪಿದೆ. ಆದ್ರೆ ಆ 330 ಕಾರಿನ ಲೆಕ್ಕ. ರಸ್ತೆಯ ಲೆಕ್ಕ 72. ವೇಗ ಎರಡು ಪಟ್ಟಾದ್ರೆ ಗುದ್ದಿನ ಶಕ್ತಿ ನಾಲ್ಕು ಪಟ್ಟು ಅಂತ ಹೈಸ್ಕೂಲಿನಲ್ಲೇ ಮೇಷ್ಟ್ರು ಬೋರ್ಡ್ ಮೇಲೆ ಬರೆದಿದ್ರು, ನೀವು ಕೊನೇ ಬೆಂಚಲ್ಲಿ ಫೆರಾರಿ ಚಿತ್ರ ಬಿಡಿಸ್ತಾ ಇದ್ರಿ.

ಕಾರು ಒಳ್ಳೇದಾದಷ್ಟೂ ಇದೇ ತೊಂದರೆ. ನಿಮ್ಮ ಎಸ್‌ಯುವಿಯನ್ನೇ ತಗೊಳ್ಳಿ. ಗಾಜು ಏರಿಸಿದ್ರೆ ಗಾಳಿ ಸದ್ದಿಲ್ಲ, ಎಸಿ ತಂಪು, ರಾಜ್‌ಕುಮಾರ್ ಹಾಡು ಹಿತವಾಗಿ. ಮುಳ್ಳು 120 ತೋರಿಸುತ್ತೆ, ಮೈಗೆ 70 ಅನಿಸುತ್ತೆ. ಹಳೇ ಅಂಬಾಸಿಡರ್ 80 ಮುಟ್ಟಿದ್ರೆ ಡ್ಯಾಶ್‌ಬೋರ್ಡ್, ಬಾಗಿಲು, ಹಿಂದೆ ಕೂತ ಸೋದರತ್ತೆ ಎಲ್ಲ ಒಟ್ಟಿಗೆ ಕೂಗ್ತಿದ್ರು. ಈಗ ಕೂಗೋರೇ ಇಲ್ಲ!

ನೂರರ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗ್ತೀರಿ. ನಾಯಿ ಅಡ್ಡ ಬಂತು ಅಂತ ಕಣ್ಣು ನೋಡಿ, ತಲೆಗೆ ಹತ್ತಿ, ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡು ಇಟ್ಕೊಳ್ಳಿ. ನಲವತ್ತು ಮೀಟರ್ ಮುಗೀತು, ಬ್ರೇಕ್ ಇನ್ನೂ ಹಿಡಿದೇ ಇಲ್ಲ. (ಮೊಬೈಲ್ ನೋಡ್ತಾ ಇದ್ರೆ ಎಷ್ಟು ಅಂತ ಲೆಕ್ಕ ಹಾಕೋದು ನಿಮಗೇ ಬಿಟ್ಟೆ.)

ಟೈರಿನ ವಿಷಯಕ್ಕೆ ಬರ್ತೀನಿ, ನನಗೆ ಅದೇ ರುಚಿ. ಆ ಕರೇರಾ 2005ರ ಮಾಡೆಲ್ಲು. ಇಂಥ ಕಾರನ್ನ ಯಾರೂ ಹಾಲು ತರೋಕೆ ತೆಗೆಯಲ್ಲ, ಬಹಳ ಹೊತ್ತು ಶೆಡ್ಡಲ್ಲೇ ಇರುತ್ತೆ. ಹಾಗಾಗಿ ಟೈರಿನ ಗೆರೆ ಸವೆಯಲ್ಲ, ನೋಡೋಕೆ ಹೊಸದರ ಹಾಗೇ. ಒಳಗೆ ರಬ್ಬರು ಮಾತ್ರ ವಯಸ್ಸಾಗಿ ಗಟ್ಟಿಯಾಗ್ತಾ ಹೋಗುತ್ತೆ. ರಸ್ತೆ ಹಿಡಿಯೋ ಶಕ್ತಿ ಕಮ್ಮಿ ಆಗುತ್ತೆ.

ನಿಮ್ಮ ಕಾರಿನ ಟೈರಿಗೆ ಎಷ್ಟು ವಯಸ್ಸು? ಕಾರಿನ ವಯಸ್ಸಲ್ಲ ಸ್ವಾಮಿ, ಟೈರಿಂದು. ಕರೇರಾದ ಗೇರ್ ಗುಂಡು ಯಾವುದರದ್ದು ಅಂತ ಗೊತ್ತು, ಮನೆ ಮುಂದೆ ನಿಂತ ಕಾರಿನ ನಾಲ್ಕು ಟೈರು ಯಾವ ವರ್ಷ ಹುಟ್ಟಿದ್ದು ಅಂತ ಗೊತ್ತಿಲ್ಲ! ಅಲ್ಲೇ ಬರೆದಿರ್ತಾರೆ, ಟೈರಿನ ಪಕ್ಕದಲ್ಲಿ, ನಾಲ್ಕು ಅಂಕಿ. 2319 ಅಂತಿದ್ರೆ 2019ನೇ ಇಸವಿಯ 23ನೇ ವಾರ.

(ಎರಡು ಪಕ್ಕದಲ್ಲಿ ಒಂದೇ ಪಕ್ಕ ಇದು ಪೂರ್ತಿ ಇರುತ್ತೆ. ನಿಮ್ಮ ಅದೃಷ್ಟಕ್ಕೆ ಒಳಪಕ್ಕವೇ ಬಂದಿರುತ್ತೆ. ಬಗ್ಗಿ, ಬೆನ್ನು ಹಿಡಿದು, ಟಾರ್ಚ್ ಹಾಕಿ ನೋಡಬೇಕು. ಅಪಾರ್ಟ್‌ಮೆಂಟ್ ಸೆಕ್ಯೂರಿಟಿಯವರು “ಏನ್ ಬಿತ್ತು ಸಾರ್?” ಅಂತ ಬರ್ತಾರೆ. ಪರವಾಗಿಲ್ಲ.) ಐದು ವರ್ಷ ದಾಟಿದ ಟೈರನ್ನ ವರ್ಷಕ್ಕೊಂದು ಸಲ ತಿಳಿದವರಿಗೆ ತೋರಿಸಿ. ಹತ್ತು ದಾಟಿಸಲೇಬೇಡಿ.

ನೀವು ಟೈರನ್ನ ಹತ್ತಿರದಿಂದ ನೋಡೋದು ವರ್ಷಕ್ಕೆ ಒಂದೇ ದಿನ, ಆಯುಧಪೂಜೆ. ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಪಚಕ್ ಅನ್ನಿಸಿ, ನಡುರಸ್ತೇಲಿ ಬೂದುಗುಂಬಳ ಒಡೆದು ಬಂದುಬಿಡ್ತೀರಿ. ದೃಷ್ಟಿ ನಿಮ್ಮ ಕಾರಿಗೆ ಹೋಯ್ತು, ಸರಿ. ಆ ಕುಂಬಳಕಾಯಿ ಹೋಳಿನ ಮೇಲೆ ಜಾರಿ ಬೀಳೋ ಬೈಕಿನವರು ಯಾರ ದೃಷ್ಟಿಗೆ ಬೀಳಬೇಕು?

ಇನ್ನು ಸ್ಟೆಪ್ನಿ. ಡಿಕ್ಕಿಯಲ್ಲಿ ಹಳೇ ಬೆಡ್‌ಶೀಟು, ಒಂದು ಕೊಡೆ, ಮದುವೆ ಮನೆಯ ತಾಂಬೂಲದ ಚೀಲ, ಎಲ್ಲದರ ಕೆಳಗೆ ಮಲಗಿದೆ. ಅದಕ್ಕೂ ಕಾರಿನಷ್ಟೇ ವಯಸ್ಸು. ಎಷ್ಟೋ ಕಾರುಗಳಲ್ಲಿ ಅದು ಸಣ್ಣ ಸೈಜಿನದ್ದು, 80 ದಾಟಬೇಡಿ ಅಂತ ಸ್ಟಿಕ್ಕರ್ ಬೇರೆ ಅಂಟಿಸಿರ್ತಾರೆ. ಅದನ್ನೇ ಹಾಕ್ಕೊಂಡು ನೂರರಲ್ಲಿ ಮೈಸೂರಿಗೆ ಹೋಗಿ ಬಂದೋರು ಯಾರು? ಮತ್ತೆ ಹೆಸರು ಹೇಳಲ್ಲ.

ಮೈಸೂರು ಅಂದ ಮೇಲೆ ಎಕ್ಸ್‌ಪ್ರೆಸ್‌ವೇ ಬರಲೇಬೇಕು. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದಾಗ ನೀವು ಫೋನ್ ಮಾಡಿ ಹೇಳಿದ್ದು ಒಂದೇ ಮಾತು, “ಎಷ್ಟು ನಿಮಿಷಕ್ಕೆ ಮುಟ್ಟಿದೆ ಗೊತ್ತಾ?” ಸಾವು ಮೇಲಿಂದ ಮೇಲೆ ಆದವು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗೆ ಪ್ರವೇಶ ಬಂದ್ ಆಯ್ತು. ಕ್ಯಾಮರಾ ಬಂದವು. ಮಿತಿ ನೂರು.

ಅಲ್ಲಿಂದ ಶುರುವಾಯ್ತು ನೋಡಿ ನಿಮ್ಮ ಹೊಸ ಭಕ್ತಿ. ಕ್ಯಾಮರಾ ಕಂಬ ಕಾಣ್ತಿದ್ದಂತೆ ಬ್ರೇಕು, ಗೋಪುರ ಕಂಡವರ ಹಾಗೆ ತಲೆ ತಗ್ಗಿಸಿ, ನೂರಕ್ಕೆ ಇಳಿದು, ದರ್ಶನ ಆಯ್ತಾ, ಮತ್ತೆ 130. ಹಿಂದೆ ಬರ್ತಿದ್ದವನು ನಿಮ್ಮ ದಿಢೀರ್ ಬ್ರೇಕಿಗೆ ದೇವರ ಹೆಸರು ಹೇಳ್ಕೊಳ್ತಾನೆ. (ನಿಮ್ಮ ಹೆಸರೂ ಹೇಳ್ತಾನೆ, ಅದನ್ನ ಇಲ್ಲಿ ಬರೆಯೋ ಹಾಗಿಲ್ಲ.)

2024ರ ಆಗಸ್ಟ್‌ನಿಂದ ರಾಜ್ಯದಲ್ಲಿ ಎಲ್ಲೇ ಆಗಲಿ 130 ದಾಟಿದ್ರೆ ಎಫ್‌ಐಆರ್ ಅಂತ ಪೊಲೀಸರು ಹೇಳಿದ್ರು. ನೀವು ಮಾಡಿದ್ದೇನು? ಕ್ರೂಸ್ ಕಂಟ್ರೋಲನ್ನ 129ಕ್ಕೆ ಇಟ್ಟಿರಿ! ಇನ್ನು ಬಾಕಿ ದಂಡ. 2023ರ ಫೆಬ್ರವರಿಯಲ್ಲಿ ಅರ್ಧ ರಿಯಾಯ್ತಿ ಕೊಟ್ಟಾಗ ನೂರು ಕೋಟಿಗೂ ಮೇಲೆ ವಸೂಲಾಯ್ತು. ಸಾಲಲ್ಲಿ ನೀವೂ ಇದ್ರಿ. ಮನೆಗೆ ಬಂದು ಹೇಳಿದ್ದು “ಇಷ್ಟು ತಪ್ಪು ಮಾಡಿದ್ದೆ” ಅಂತಲ್ಲ, “ಇಷ್ಟು ಉಳಿಸಿದೆ” ಅಂತ.

ಸೀಟ್ ಬೆಲ್ಟಿನ ಕತೆ ಕೇಳೋದೇ ಬೇಡ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡಾಗ ದೇಶಕ್ಕೆಲ್ಲ ಹಿಂದಿನ ಸೀಟಿಗೂ ಬೆಲ್ಟ್ ಇದೆ ಅಂತ ನೆನಪಾಯ್ತು. ಒಂದು ವಾರ ನೀವೂ ಹಾಕಿದ್ರಿ. ಆಮೇಲೆ ಅದರ ಬಕಲು ಸೀಟಿನ ಸಂದಿಗೆ ಹೋಯ್ತು, ಕಡ್ಲೆಬೀಜದ ಸಿಪ್ಪೆ ಜೊತೆ ಈಗಲೂ ಅಲ್ಲೇ ಇದೆ.

ಮುಂದಿನ ಸೀಟಿನದ್ದು ಇನ್ನೂ ಚೆನ್ನ. ಬೆಲ್ಟ್ ಹಾಕದಿದ್ರೆ ಕಾರು ಕಿಯ್ ಕಿಯ್ ಅನ್ನುತ್ತೆ. ಅದರ ಬಾಯಿ ಮುಚ್ಚಿಸೋಕೆ ಅಂತಲೇ ಒಂದು ಕ್ಲಿಪ್ ಮಾರ್ತಿದ್ರು. 2023ರಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಆದೇಶ ಮಾಡಿ ಐದು ಆನ್‌ಲೈನ್ ಅಂಗಡಿಗಳಿಂದ ತೆಗೆಸಿತು. ಎಷ್ಟು ನಮೂನೆ ಸಿಕ್ಕವು ಗೊತ್ತಾ? 13,000ಕ್ಕೂ ಮೇಲೆ! ಜೀವ ಉಳಿಸೋ ಸದ್ದನ್ನ ದುಡ್ಡು ಕೊಟ್ಟು ನಿಲ್ಲಿಸೋ ಗಿರಾಕಿಗಳು ಅಷ್ಟು ಜನ ಇದ್ದೀವಿ ಅಂತಾಯ್ತು.

ನಿಮ್ಮ ಪಕ್ಕ ಕೂರೋರನ್ನ ಯಾವತ್ತಾದ್ರೂ ಗಮನಿಸಿದ್ದೀರಾ? ಬಲಗಾಲು ಮ್ಯಾಟಿಗೆ ಒತ್ತಿ ಇಲ್ಲದ ಬ್ರೇಕ್ ಹಾಕ್ತಾ ಇರ್ತಾರೆ. “ಸ್ವಲ್ಪ ನಿಧಾನ ರೀ” ಅಂದ್ರೆ “ಕಂಟ್ರೋಲಲ್ಲಿದೆ ಸುಮ್ನಿರೇ” ಅಂತೀರಿ. ಹಿಂದಿನ ಸೀಟಲ್ಲಿ ನಿಮ್ಮ ಅಮ್ಮ ರಾಯರ ಸ್ತೋತ್ರ ಶುರು ಮಾಡಿರ್ತಾರೆ. ಅದು ಭಕ್ತಿ ಅಂತ ತಿಳ್ಕೊಂಡಿದ್ದೀರಾ? ನಿಮ್ಮ ಡ್ರೈವಿಂಗ್‌ಗೆ ಅವರು ಕೊಡ್ತಿರೋ ಮಾರ್ಕ್ಸು ಅದು.

ಪುಣೆಯ ಪೋರ್ಷೆ ವಿಷಯ ಬಂದಾಗ ಮಾತ್ರ ನಿಮ್ಮ ಕೋಪ ನ್ಯಾಯವಾದದ್ದು, ಅದರಲ್ಲಿ ತಮಾಷೆ ಇಲ್ಲ. 2024ರ ಮೇ 19ರ ನಸುಕಿನಲ್ಲಿ, ಕಲ್ಯಾಣಿನಗರದಲ್ಲಿ, ಬೈಕಿನಲ್ಲಿ ಹೋಗ್ತಿದ್ದ ಇಬ್ಬರು ಎಳೇ ಎಂಜಿನಿಯರ್‌ಗಳು ಸತ್ತರು. ಓಡಿಸ್ತಿದ್ದದ್ದು 17ರ ಹುಡುಗ ಅಂತ ಪೊಲೀಸರು ಹೇಳಿದ್ರು. ಜಾಮೀನಿನ ಷರತ್ತುಗಳಲ್ಲಿ ಒಂದು, 300 ಪದಗಳ ಪ್ರಬಂಧ. ದೇಶವೇ ಉರಿದುಬಿತ್ತು.

ಆ ಕಾರು ನಮ್ಮ ಬೆಂಗಳೂರಿನ ಡೀಲರ್ ಮೂಲಕ ತಾತ್ಕಾಲಿಕ ನೋಂದಣಿಯಲ್ಲಿ ಅಲ್ಲಿಗೆ ಹೋದದ್ದು. ಕೋಟಿ ಮೀರಿದ ಕಾರಿಗೆ 1,758 ರೂಪಾಯಿ ಫೀಸು ಕಟ್ಟದೇ ಪೂರ್ಣ ನೋಂದಣಿ ನಿಂತಿತ್ತು. ಎಂಥಾ ಜನ ಅಂತ ನೀವೂ ಬೈದಿರಿ. ಬೈದು ಮುಗಿಸಿ, “ನಮ್ಮೋನು ಹತ್ತನೇ ಕ್ಲಾಸಿಗೇ ಕಾರು ಕಲಿತುಬಿಟ್ಟ” ಅಂತ ನೆಂಟರಿಗೆ ಹೇಳಿದ್ದೂ ನೀವೇ. ಅವನು ಟ್ಯೂಷನ್ನಿಗೆ ಸ್ಕೂಟರ್ ತಗೊಂಡು ಹೋಗ್ತಿರೋದೂ ನಿಜ ತಾನೇ?

2019ರ ತಿದ್ದುಪಡಿ ಏನು ಹೇಳುತ್ತೆ ಗೊತ್ತಾ? ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ರೆ ಪೋಷಕರಿಗೆ ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಒಂದು ವರ್ಷ ರದ್ದು. “ಅಯ್ಯೋ, ಇಲ್ಲೇ ಪಕ್ಕದ ಕ್ರಾಸಿಗೆ ಅಲ್ವಾ” ಅಂದ್ರಿ. ಪ್ರಬಂಧದ ಮೊದಲ ಸಾಲು ಸಿಕ್ಕಿತು ನೋಡಿ.

ಅಂಕಿ ಎರಡೇ ಎರಡು ಕೊಟ್ಟು ಬಿಟ್ಟುಬಿಡ್ತೀನಿ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸರ್ಕಾರದ ವರದಿ ಪ್ರಕಾರ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವಿಗೆ ಅತಿವೇಗ ಕಾರಣ. ಸ್ಪೋರ್ಟ್ಸ್ ಕಾರು ಎಷ್ಟಿದ್ದಾವು ಅದರಲ್ಲಿ? ಬಹುಪಾಲು ನಿಮ್ಮಂಥ, ನನ್ನಂಥೋರ ಗಾಡಿಗಳೇ. ಅವುಗಳ ವಿಡಿಯೋ ಯಾರೂ ಹಿಗ್ಗಿಸಿ ನೋಡಲ್ಲ.

“ಹಾಗಾದ್ರೆ ಕಾರು ಹುಚ್ಚು ಬಿಟ್ಟು ಕೂತ್ಕೋಬೇಕಾ?” ಅಂತ ಮುಖ ಊದಿಸ್ಕೋಬೇಡಿ. ಯಾರು ಹೇಳಿದ್ರು? ಕೊಯಮತ್ತೂರಿನಲ್ಲಿ ಕರಿ ಟ್ರ್ಯಾಕ್ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ ಇನ್ನೊಂದಿದೆ. ಎದುರಿಗೆ ಹಸು ಬರಲ್ಲ, ರಾಂಗ್ ಸೈಡಲ್ಲಿ ನೀರಿನ ಟ್ಯಾಂಕರ್ ಬರಲ್ಲ. ಹೆಲ್ಮೆಟ್ ಹಾಕಿಸ್ತಾರೆ, ಬಿಡೋ ಮುಂಚೆ ಕಾರು ತಪಾಸಣೆ ಮಾಡ್ತಾರೆ. ಟೈರೂ ನೋಡ್ತಾರೆ, ಹೆದರಬೇಡಿ. ಆಮೇಲೆ ಒತ್ತಿ, ಎಷ್ಟು ಬೇಕೋ ಅಷ್ಟು.

ಹೋಗಲ್ಲ ಅಂತೀರಿ. ದೂರ, ದುಡ್ಡು, ಟೈಮಿಲ್ಲ. ಅದ್ಯಾವುದೂ ಅಲ್ಲ ಸ್ವಾಮಿ, ಅಲ್ಲಿ ಸ್ಟಾಪ್‌ವಾಚ್ ಇರುತ್ತೆ! ಬಿಡದಿಯಲ್ಲಿ ಇಡ್ಲಿ ಮುಂದೆ ನೀವು ಹೇಳಿದ್ದೇ ಟೈಮು. ಅಲ್ಲಿ ಹಾಗಲ್ಲ. ಕಾಲೇಜು ಹುಡುಗಿಯೊಬ್ಬಳು ಅಪ್ಪನ ಹಳೇ ಪೋಲೋ ತಂದು ಒಂದು ಲ್ಯಾಪಿನಲ್ಲೇ ನಿಮ್ಮನ್ನ ಹನ್ನೊಂದು ಸೆಕೆಂಡ್ ಹಿಂದೆ ಹಾಕ್ತಾಳೆ. ಬೋರ್ಡ್ ಮೇಲೆ ದೊಡ್ಡದಾಗಿ ಬರೆದೂ ಬಿಡ್ತಾರೆ. ಓಡಿಸೋಕೆ ಬರ್ತಿರಲಿಲ್ಲ ಅಂತ ಅವಳು ಯಾರಿಗೂ ಹೇಳಲ್ಲ ಬಿಡಿ, ಒಳ್ಳೇ ಹುಡುಗಿ, “ಅಂಕಲ್, ಟೈರ್ ಹಳೇದಿರಬೇಕು” ಅಂತಾಳೆ.